ಶಾಲೆಗೆ ಬರುವ ಸಲಹೆಗಾರರು, ಮನೆಯಲ್ಲಿರುವ ಕನ್ನಡ

(ನಮ್ಮ ಕನ್ನಡ ವಿಭಾಗದಲ್ಲಿ ಪ್ರಸಾರವಾದ ಭಾಷಣದ ಬರಹರೂಪ)



ಜೂನ್ ತಿಂಗಳಲ್ಲಿ ಮುಂಬಯಿಯ ಮಕ್ಕಳ ಶಾಲೆಯ ಚೀಲದಿಂದ ಹೊರಬರುವ ಚೀಟಿಗಳು ಒಂದೆರಡಲ್ಲ. ಬಸ್ಸಿನ ಹಣ, ರೈನ್‌ಕೋಟು, ಹೊಸ ವೇಳಾಪಟ್ಟಿ, ಪಾಲಕರ ಸಭೆ. ಇವುಗಳ ನಡುವೆ ಕೆಲವು ಮನೆಗಳಿಗೆ ಇನ್ನೊಂದು ಚೀಟಿಯೂ ಬರುತ್ತದೆ. ‘ನಮ್ಮ ಶಾಲೆಯ ವಿಶೇಷ ಶಿಕ್ಷಣದ ಸಲಹೆಗಾರರು ನಿಮ್ಮ ಮಗುವಿನ ಬಗ್ಗೆ ಮಾತನಾಡಬೇಕೆಂದಿದ್ದಾರೆ, ಇಂಥ ದಿನ ಇಂಥ ಹೊತ್ತಿಗೆ ಬನ್ನಿ’ ಎಂದು. ಆ ಚೀಟಿ ಬಂದ ಮನೆಯಲ್ಲಿ ಆ ರಾತ್ರಿ ಯಾರಿಗೂ ಊಟ ಸೇರುವುದಿಲ್ಲ.

ಈ ಸಲಹೆಗಾರರು ಎಂದರೆ ಯಾರು, ಅವರಿಂದ ಏನಾಗುತ್ತದೆ, ಏನಾಗುವುದಿಲ್ಲ, ಕನ್ನಡ ಮಾತನಾಡುವ ಮನೆಯವರು ಅವರೆದುರು ಕುಳಿತಾಗ ಯಾವ ಮಾತನ್ನು ಮರೆಯದೆ ಹೇಳಬೇಕು, ಇದೇ ಇವತ್ತಿನ ವಿಷಯ. ನಾನು ಮನಶ್ಶಾಸ್ತ್ರ ಓದಿದವಳಲ್ಲ. ಕನ್ನಡ ಬಿ.ಎ. ಮಾಡಿ ಮೈಕಿನ ಮುಂದೆ ಕುಳಿತವಳು. ಆದರೆ ನಮ್ಮ ವಿಭಾಗಕ್ಕೆ ಬರುವ ಪತ್ರಗಳಲ್ಲಿ ಈ ವಿಷಯದವು ಹೆಚ್ಚುತ್ತಿವೆ. ಹಾಗಾಗಿ ಕಾನೂನಿನ ನಾಲ್ಕು ಕಾಗದ ಓದಿ, ಈ ಕೆಲಸದಲ್ಲಿರುವ ಕೆಲವರೊಡನೆ ಕುಳಿತು ಮಾತನಾಡಿ ಇದನ್ನು ಬರೆದುಕೊಂಡಿದ್ದೇನೆ.

ಮೊದಲಿಗೆ ಹೆಸರುಗಳ ಗೊಂದಲ. ಶಾಲೆಯಲ್ಲಿ ಮಗುವಿನ ಮನಸ್ಸಿನ ತೊಳಲಾಟ ಕೇಳುವವರು ಕೌನ್ಸೆಲರ್. ಓದು, ಬರಹ, ಲೆಕ್ಕವನ್ನು ಬೇರೆ ದಾರಿಯಿಂದ ಕಲಿಸುವ ತರಬೇತಿ ಪಡೆದವರು ವಿಶೇಷ ಶಿಕ್ಷಕರು. ಒಂದೇ ಮಗುವಿನ ಪಕ್ಕದಲ್ಲಿ ದಿನವಿಡೀ ಕುಳಿತು ನೆರವಾಗುವವರನ್ನು ಶಾಡೋ ಟೀಚರ್ ಅನ್ನುತ್ತಾರೆ. ಅವರ ಸಂಬಳ ಹೆಚ್ಚಿನ ಕಡೆ ಪಾಲಕರ ಕಿಸೆಯಿಂದಲೇ ಹೋಗುತ್ತದೆ. ಸಲಹೆಗಾರರು ಇವರಾರೂ ಅಲ್ಲ, ಅಥವಾ ಇವರೆಲ್ಲರಿಗೂ ದಾರಿ ತೋರಿಸುವವರು. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಶಾಲೆಗೆ ಬರುತ್ತಾರೆ. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತಾರೆ, ಶಿಕ್ಷಕರಿಗೆ ಹೇಳಿಕೊಡುತ್ತಾರೆ, ಮಗುವಿಗೊಂದು ಯೋಜನೆ ಬರೆಯುತ್ತಾರೆ, ಹೋಗುತ್ತಾರೆ. ಮಗುವಿನ ಜೊತೆ ಉಳಿಯುವುದು ತರಗತಿಯ ಟೀಚರ್. ಇದೊಂದು ಮನಸ್ಸಿನಲ್ಲಿರಲಿ, ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಈ ವಿಷಯದಲ್ಲಿ ಮಹಾರಾಷ್ಟ್ರ ಹಿಂದೆ ಬಿದ್ದ ರಾಜ್ಯವಲ್ಲ. ಕಲಿಕಾ ನ್ಯೂನತೆ ಇರುವ ಮಕ್ಕಳಿಗೆ ಎಸ್ಸೆಸ್ಸಿ ಪರೀಕ್ಷೆಯಲ್ಲಿ ರಿಯಾಯಿತಿ ಕೊಡುವ ಆದೇಶವನ್ನು ಇಲ್ಲಿಯ ಸರಕಾರ 1996ರಲ್ಲೇ ಹೊರಡಿಸಿತು. ಹೆಚ್ಚಿನ ಸಮಯ, ಬರೆಯುವವರ ನೆರವು, ಒಂದು ಭಾಷೆಯ ಬದಲು ಕೈಕೆಲಸದ ವಿಷಯ, ಬೀಜಗಣಿತ-ರೇಖಾಗಣಿತದ ಬದಲು ಏಳನೆಯ ತರಗತಿಯ ಮಟ್ಟದ ಲೆಕ್ಕ, ಹೀಗೆ. ‘ತಾರೇ ಜಮೀನ್ ಪರ್’ ತೆರೆಗೆ ಬಂದದ್ದು 2007ರ ಡಿಸೆಂಬರಿನಲ್ಲಿ, ಹನ್ನೊಂದು ವರ್ಷಗಳ ಮೇಲೆ. ಆದರೂ ನಮ್ಮ ಜನಕ್ಕೆ ಡಿಸ್ಲೆಕ್ಸಿಯಾ ಎಂಬ ಶಬ್ದ ತಲುಪಿದ್ದು ಆ ಸಿನಿಮಾದಿಂದಲೇ. ಉಪಕಾರವೇನೋ ದೊಡ್ಡದು. ಒಂದು ಸಣ್ಣ ಅಪಕಾರವನ್ನೂ ಅದು ಮಾಡಿದೆ ಎಂದು ನನಗೆ ಅನಿಸುತ್ತದೆ: ಒಬ್ಬ ಮೇಷ್ಟ್ರು ಬಂದರೆ ಒಂದು ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂಬ ನಿರೀಕ್ಷೆ.

ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಬಂದಾಗ ಹಿಂದಿನ 7 ಬಗೆಯ ನ್ಯೂನತೆಗಳ ಪಟ್ಟಿ 21ಕ್ಕೆ ಏರಿತು. ನಿರ್ದಿಷ್ಟ ಕಲಿಕಾ ನ್ಯೂನತೆ, ಆಟಿಸಂ ಎರಡೂ ಅದರಲ್ಲಿ ಸೇರಿದವು. ಇಂಥ ಮಗುವನ್ನು ಬೇರೆ ಮಕ್ಕಳ ಜೊತೆಗೇ ಕೂರಿಸಿ, ಬೇಕಾದ ನೆರವು ಕೊಟ್ಟು ಕಲಿಸುವುದು ಶಾಲೆಯ ಕರ್ತವ್ಯ ಎಂದು ಆ ಕಾಯಿದೆ ಹೇಳುತ್ತದೆ. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ ವಿಶೇಷ ಶಿಕ್ಷಕರು ಎಷ್ಟು ಮಕ್ಕಳಿಗೆ ಒಬ್ಬರು ಬೇಕು ಎಂಬ ಪ್ರಶ್ನೆಯನ್ನು ಎತ್ತಿಕೊಂಡಿತು. 2022ರಲ್ಲಿ ಕೇಂದ್ರ ಸರಕಾರ ಲೆಕ್ಕ ಪ್ರಕಟಿಸಿತು: ಐದನೆಯ ತರಗತಿಯವರೆಗೆ ಇಂಥ 10 ಮಕ್ಕಳಿಗೆ ಒಬ್ಬರು, ಆರರಿಂದ ಎಂಟರವರೆಗೆ 15 ಮಕ್ಕಳಿಗೆ ಒಬ್ಬರು. ಅಷ್ಟು ಶಿಕ್ಷಕರು ಸಿಗುವ ತನಕ ಹತ್ತಿರದ ನಾಲ್ಕಾರು ಶಾಲೆಗಳಿಗೆ ಒಬ್ಬರೇ ಸುತ್ತಾಡಿ ಕಲಿಸಬಹುದು ಎಂದೂ ಆ ತೀರ್ಪಿನಲ್ಲಿ ಇತ್ತು. ಸುತ್ತಾಡುವ ಶಿಕ್ಷಕರು! ಬೋರಿವಲಿಯಿಂದ ಮುಲುಂಡಿಗೆ ಸುತ್ತಾಡಿ ನೋಡಿದವರಿಗೆ ಇದರ ಅರ್ಥ ಗೊತ್ತು. ಖಾಸಗಿ ಶಾಲೆಗಳ ಕಥೆ ಇನ್ನೊಂದು. ಪೂರ್ಣ ಸಂಬಳ ಕೊಟ್ಟು ವಿಶೇಷ ಶಿಕ್ಷಕರನ್ನು ಇಟ್ಟುಕೊಳ್ಳಲು ಆಗದ ಶಾಲೆ ಹೊರಗಿನ ಸಲಹೆಗಾರರನ್ನು ಗೊತ್ತುಮಾಡಿಕೊಳ್ಳುತ್ತದೆ. ಇದು ತಪ್ಪೇನಲ್ಲ. ಒಳ್ಳೆಯ ಸಲಹೆಗಾರರಿಂದ ಇಡೀ ಶಾಲೆಯ ಕಣ್ಣು ತೆರೆದದ್ದೂ ಇದೆ. ತಪ್ಪಾಗುವುದು, ಸಲಹೆಗಾರರು ಬಂದುಹೋಗುವುದೇ ವಿಶೇಷ ಶಿಕ್ಷಣ ಎಂದು ಶಾಲೆ ತಿಳಿದುಕೊಂಡಾಗ.

ಒಳ್ಳೆಯ ಸಲಹೆಯನ್ನು ಗುರುತಿಸುವುದು ಹೇಗೆ? ಮಗುವಿಗಾಗಿ ಬರೆಯುವ ಯೋಜನೆಗೆ ಐ.ಇ.ಪಿ. ಅನ್ನುತ್ತಾರೆ, ವೈಯಕ್ತಿಕ ಶಿಕ್ಷಣ ಯೋಜನೆ. ಅದರ ಪ್ರತಿ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ‘ಓದುವ ಸಾಮರ್ಥ್ಯ ಸುಧಾರಿಸಬೇಕು, ಗಮನ ಹೆಚ್ಚಬೇಕು’ ಎಂದಷ್ಟೇ ಇದ್ದರೆ ಅದು ಯೋಜನೆಯಲ್ಲ, ಹಾರೈಕೆ. ಅದರ ಬದಲು ಹೀಗಿದೆಯೇ ನೋಡಿ: ಗಣಪತಿ ಹಬ್ಬದ ರಜೆಯ ಹೊತ್ತಿಗೆ ಎರಡನೆಯ ತರಗತಿಯ ಐವತ್ತು ಪದಗಳ ಗದ್ಯವನ್ನು ಐದಕ್ಕಿಂತ ಹೆಚ್ಚು ತಪ್ಪಿಲ್ಲದೆ ಓದಬೇಕು, ವಾರಕ್ಕೆ ಮೂರು ದಿನ ಇಪ್ಪತ್ತು ನಿಮಿಷ ಇಂಥವರು ಇಂಥ ರೀತಿಯಲ್ಲಿ ಕಲಿಸುತ್ತಾರೆ, ಬೋರ್ಡಿನಿಂದ ಬರೆದುಕೊಳ್ಳುವ ಬದಲು ಟೀಚರ್ ಅಚ್ಚಾದ ಹಾಳೆ ಕೊಡುತ್ತಾರೆ, ಹತ್ತು ಲೆಕ್ಕದ ಬದಲು ಅದೇ ಬಗೆಯ ನಾಲ್ಕು ಲೆಕ್ಕ, ಎಲ್ಲರೆದುರು ನಿಲ್ಲಿಸಿ ಗಟ್ಟಿಯಾಗಿ ಓದಿಸುವುದು ಬೇಡ. ಹೀಗೆ ಬರೆದಿದ್ದರೆ ಅದನ್ನು ಹಿಡಿದುಕೊಂಡು ಟೀಚರ್ ಬಳಿ ಮಾತನಾಡಬಹುದು.

ಮಾಡಿದೆಯೇ ಇಲ್ಲವೇ ಎಂದು ಟೀಚರನ್ನು ತನಿಖೆ ಮಾಡಬೇಡಿ. ಅವರೆದುರು ಐವತ್ತು ಮಕ್ಕಳಿರುತ್ತಾರೆ. ಇದರಲ್ಲಿ ಯಾವುದು ನಡೆಯುತ್ತಿದೆ, ಯಾವುದು ಕಷ್ಟವಾಗುತ್ತಿದೆ ಎಂದು ಕೇಳಿ. ಸಲಹೆಗಾರರು ಮುಂದಿನ ಸಲ ಬಂದಾಗ ಕೇಳಬೇಕಾದ ಪ್ರಶ್ನೆಯೂ ಅದೇ. ಮಗುವನ್ನು ತರಗತಿಯಿಂದ ಎಬ್ಬಿಸಿ ರಿಸೋರ್ಸ್ ರೂಮಿಗೆ ಕರೆದುಕೊಂಡು ಹೋಗುವುದೊಂದೇ ಪರಿಹಾರವಾದರೆ ಯಾವ ಪೀರಿಯಡ್‌ನಲ್ಲಿ ಕರೆದುಕೊಂಡು ಹೋಗುತ್ತಾರೆ ಎಂದು ವಿಚಾರಿಸಿ. ಆಟದ ಪೀರಿಯಡ್, ಚಿತ್ರದ ಪೀರಿಯಡ್ ಕಿತ್ತುಕೊಂಡರೆ ಮಗುವಿಗೆ ಶಾಲೆಯಲ್ಲಿ ಇದ್ದ ಒಂದು ಸುಖವೂ ಹೋಯಿತು.

ಇನ್ನು ಅರ್ಹತೆ. ವಿಶೇಷ ಶಿಕ್ಷಕರು, ವಾಕ್-ಶ್ರವಣ ತಜ್ಞರು, ಕ್ಲಿನಿಕಲ್ ಸೈಕಾಲಜಿಸ್ಟರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. 1992ರ ಕಾಯಿದೆಯಿಂದ ಬಂದ ನಿಯಮ ಇದು. ಪ್ರತಿಯೊಬ್ಬರಿಗೂ ಸಿ.ಆರ್.ಆರ್. ನಂಬರು ಅಂತ ಒಂದಿರುತ್ತದೆ. ಅದನ್ನು ಕೇಳಿದರೆ ಮರ್ಯಾದೆಗೇಡು ಎಂದು ನಮ್ಮವರು ಹಿಂಜರಿಯುತ್ತಾರೆ. ಗ್ಯಾಸ್ ರಿಪೇರಿಗೆ ಬಂದವನ ಗುರುತಿನ ಚೀಟಿ ಕೇಳುತ್ತೇವಲ್ಲ, ಹಾಗೆಯೇ ಇದೂ.

ಪರೀಕ್ಷೆಯ ರಿಯಾಯಿತಿಗೆ ಪ್ರಮಾಣಪತ್ರ ಬೇಕು, ಅದನ್ನು ಕೊಡುವುದು ಸರಕಾರ ಗೊತ್ತುಮಾಡಿದ ಆಸ್ಪತ್ರೆ. ಮುಂಬಯಿಯ ಪಾಲಕರಿಗೆ ಸಯಾನ್ ಆಸ್ಪತ್ರೆ, ನಾಯರ್ ಆಸ್ಪತ್ರೆ ಇದಕ್ಕೆ ಪರಿಚಿತ. ಸರದಿ ಉದ್ದವಿರುತ್ತದೆ, ಒಂಬತ್ತನೆಯ ತರಗತಿಯ ಕೊನೆಗೆ ಓಡಬೇಡಿ. ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಎಂಟು ವರ್ಷಕ್ಕೆ ಮೊದಲು ಸಾಮಾನ್ಯವಾಗಿ ಕೊಡುವುದಿಲ್ಲ. ಆದರೆ ನೆರವು ಕೊಡಲು ಪ್ರಮಾಣಪತ್ರ ಬೇಕಾಗಿಲ್ಲ. ಆರು ವರ್ಷದ ಮಗು ಅಕ್ಷರದಲ್ಲಿ ಎಡವುತ್ತಿದ್ದರೆ ಆ ದಿನದಿಂದಲೇ ಸಲಹೆಗಾರರು ಟೀಚರಿಗೆ ದಾರಿ ಹೇಳಬಹುದು. ಕಾಗದ ಬರಲಿ, ಆಮೇಲೆ ನೋಡೋಣ ಎನ್ನುವ ಶಾಲೆಗೆ ಇದನ್ನು ವಿನಯವಾಗಿ, ಆದರೆ ಗಟ್ಟಿಯಾಗಿ ಹೇಳಬೇಕು.

ರಿಯಾಯಿತಿ ಎಂಬ ಮಾತಿಗೇ ಕೆಲವು ಅಪ್ಪಂದಿರು ಮುಖ ಸಿಂಡರಿಸುತ್ತಾರೆ. ನಮ್ಮ ಸ್ಟುಡಿಯೋದ ವಿಷಯ ಹೇಳುತ್ತೇನೆ. ಓದುವ ಹಾಳೆಯ ಮೇಲೆ ನಾವು ಉದ್ಘೋಷಕರು ಪೆನ್ಸಿಲಿನಲ್ಲಿ ಗೀಟು ಹಾಕಿಕೊಳ್ಳುತ್ತೇವೆ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಉದ್ದನೆಯ ಸಮಾಸವನ್ನು ಎಲ್ಲಿ ಒಡೆಯಬೇಕು ಎಂದು. ಅಕ್ಷರ ದೊಡ್ಡದಿರಬೇಕು, ಸಾಲುಗಳ ನಡುವೆ ಜಾಗ ಬಿಟ್ಟಿರಬೇಕು. ಯಾರೂ ಇದನ್ನು ರಿಯಾಯಿತಿ ಅನ್ನುವುದಿಲ್ಲ, ಒಳ್ಳೆಯ ಓದು ಅನ್ನುತ್ತಾರೆ. ಎಂಟು ವರ್ಷದ ಮಗು ಸಾಲಿನ ಕೆಳಗೆ ಸ್ಕೇಲು ಇಟ್ಟುಕೊಂಡರೆ ಮಾತ್ರ ನಮಗೆ ಅವಮಾನವಾಗಿಬಿಡುತ್ತದೆ.

ಈಗ ನಮ್ಮದೇ ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ಡೊಂಬಿವಲಿ ಕಡೆಯ ಒಬ್ಬ ತಾಯಿ ನಮಗೆ ಬರೆದ ಪತ್ರವೇ ಈ ಭಾಷಣಕ್ಕೆ ಕಾರಣ. ಕುಂದಾಪುರದ ಕಡೆಯವರು. ಮಗ ಮೂರನೆಯ ತರಗತಿ, ಇಂಗ್ಲಿಷ್ ಮಾಧ್ಯಮ. ಓದುವಾಗ ತಡವರಿಸುತ್ತಾನೆ, ಬರೆಯುವಾಗ ಅಕ್ಷರ ನುಂಗುತ್ತಾನೆ. ಶಾಲೆಯ ಸಲಹೆಗಾರರು ಕರೆದು ಹೇಳಿದ್ದು ಒಂದೇ ಮಾತು: ಮಗುವಿಗೆ ಭಾಷೆಗಳು ಜಾಸ್ತಿಯಾಗಿವೆ, ಇನ್ನು ಮೇಲೆ ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ. ತಾಯಿ ಆಡಿದರು. ಅವರಿಗೆ ಬರುವಷ್ಟು ಇಂಗ್ಲಿಷಿನಲ್ಲಿ ‘ಊಟ ಮಾಡು, ಪುಸ್ತಕ ತೆಗೆ, ಮಲಗು’ ಎಂದು ಹೇಳಬಹುದು. ಪಕ್ಕದ ಮನೆಯ ಹುಡುಗ ಯಾಕೆ ಸಿಟ್ಟಾದ, ರೈಲು ಯಾಕೆ ತಡವಾಯಿತು, ಊರಿನ ಗದ್ದೆಯಲ್ಲಿ ಈಗ ಏನು ನಡೆಯುತ್ತಿದೆ ಎಂದೆಲ್ಲ ಹೇಳಲಿಕ್ಕಾಗುವುದಿಲ್ಲ. ಅತ್ತೆಗೆ ಇಂಗ್ಲಿಷೇ ಬಾರದು, ಅವರು ಮೊಮ್ಮಗನ ಜೊತೆ ಮಾತನಾಡುವುದನ್ನೇ ಬಿಟ್ಟರು. ನಾಲ್ಕು ತಿಂಗಳಾದ ಮೇಲೆ ಮನೆಯಲ್ಲಿ ಮಾತೇ ಕಡಿಮೆಯಾಗಿದೆ, ಓದು ಇದ್ದಲ್ಲೇ ಇದೆ, ಏನು ಮಾಡಲಿ ಎಂದು ಕೇಳಿದ್ದರು.

ಈ ಸಲಹೆ ಅವರೊಬ್ಬರಿಗೆ ಬಂದದ್ದಲ್ಲ. ಪುಣೆಯಿಂದಲೂ ಹೈದರಾಬಾದಿನಿಂದಲೂ ಇಂಥ ಪತ್ರ ಬಂದಿವೆ. ಮಾತು ತಡವಾದ ಮಗುವಿಗೆ, ಆಟಿಸಂ ಇರುವ ಮಗುವಿಗೆ ಕೂಡ ಇದನ್ನೇ ಹೇಳುತ್ತಾರೆ. ಆದ್ದರಿಂದ ಬಿಡಿಸಿ ಹೇಳಬೇಕಾಗಿದೆ. ಎರಡು ಮೂರು ಭಾಷೆ ಕೇಳಿ ಬೆಳೆಯುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ, ಆಟಿಸಂ ಬರುವುದಿಲ್ಲ. ಮನೆಮಾತನ್ನು ನಿಲ್ಲಿಸಿದರೆ ಅವು ಹೋಗುವುದೂ ಇಲ್ಲ. ಹೋಗುವುದು ಬೇರೆ. ಕಥೆ ಕೇಳಿ ಮುಂದೇನಾಯಿತು ಎಂದು ಊಹಿಸುವುದು, ಕಾರಣ ಹೇಳುವುದು, ಹೊಸ ಶಬ್ದ ಸಿಕ್ಕಿದಾಗ ಅದರ ಸುತ್ತ ಅರ್ಥ ಹುಡುಕುವುದು, ಇವನ್ನೆಲ್ಲ ಮಗು ಕಲಿಯುವುದು ಅಮ್ಮನಿಗೆ ಸಲೀಸಾಗಿ ಬರುವ ಭಾಷೆಯಲ್ಲಿ. ಹಾಗೆ ಕಲಿತದ್ದು ಇಂಗ್ಲಿಷ್ ಪಾಠ ಓದುವಾಗಲೂ ಕೆಲಸಕ್ಕೆ ಬರುತ್ತದೆ. ಅಮ್ಮನ ಹರಕುಮುರುಕು ಇಂಗ್ಲಿಷಿನಿಂದ ಮಗುವಿಗೆ ಇಂಗ್ಲಿಷೂ ಸಿಗಲಿಲ್ಲ, ಅಮ್ಮನೂ ಸಿಗಲಿಲ್ಲ ಎಂಬಂತಾಗುತ್ತದೆ.

ಆದರೆ ಸಲಹೆಗಾರರ ಮಾತಿನ ಹಿಂದೆ ಒಂದು ನಿಜವಾದ ಪ್ರಶ್ನೆ ಇದೆ, ಅದನ್ನು ತಳ್ಳಿಹಾಕಬಾರದು. ಮುಂಬಯಿಯ ನಮ್ಮ ಮಗುವಿಗೆ ಅಜ್ಜಿಯ ಬಳಿ ತುಳುವೋ ಕೊಂಕಣಿಯೋ, ಅಪ್ಪ ಅಮ್ಮನ ಬಳಿ ಕನ್ನಡ, ಬಿಲ್ಡಿಂಗಿನ ಕೆಳಗೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ. 2020ರ ಕಾಯಿದೆಯಾದ ಮೇಲೆ ಇಲ್ಲಿಯ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಇಂಥ ಮಗು ಇಂಗ್ಲಿಷ್ ಓದಲು ತಡವರಿಸಿದರೆ ಅದು ನ್ಯೂನತೆಯೋ, ಆ ಭಾಷೆ ಕಿವಿಗೆ ಬಿದ್ದದ್ದು ಕಡಿಮೆಯೋ? ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದರೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಲಿಕಾ ನ್ಯೂನತೆ ಇದ್ದರೆ ಮಗು ಓದುವ ಬೇರೆ ಭಾಷೆಯಲ್ಲೂ ಅದು ತನ್ನ ಗುರುತು ತೋರಿಸುತ್ತದೆ, ವೇಷ ಮಾತ್ರ ಬೇರೆ.

ಕನ್ನಡದಲ್ಲಿ ಆ ವೇಷ ಹೇಗಿರುತ್ತದೆ? ಇಲ್ಲಿ ನನ್ನ ಬಿ.ಎ. ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಇಂಗ್ಲಿಷಿನಲ್ಲಿ ಬರೆಯುವುದೊಂದು, ಓದುವುದೊಂದು. ಕನ್ನಡ ಹಾಗಲ್ಲ, ಬರೆದದ್ದನ್ನೇ ಓದುತ್ತೇವೆ. ಅದಕ್ಕೇ ಕನ್ನಡದಲ್ಲಿ ಡಿಸ್ಲೆಕ್ಸಿಯಾ ಇರುವುದಿಲ್ಲ ಎನ್ನುವವರಿದ್ದಾರೆ. ಇದೆ. ತಪ್ಪು ಓದುವುದಕ್ಕಿಂತ ನಿಧಾನ ಓದುವುದರಲ್ಲಿ ಅದು ಹೆಚ್ಚಾಗಿ ಕಾಣುತ್ತದೆ. ಹ್ರಸ್ವ ದೀರ್ಘ ಕಲೆಸುತ್ತವೆ, ಒತ್ತಕ್ಷರ ಬಿಟ್ಟುಹೋಗುತ್ತದೆ. ‘ರಸ್ತೆ’ ಎಂಬ ಪದ ನೋಡಿ. ಎತ್ವದ ಗುರುತು ಕುಳಿತಿರುವುದು ಸಕಾರದ ತಲೆಯ ಮೇಲೆ, ತಕಾರ ಅದರ ಕಾಲಡಿ. ಕಣ್ಣಿಗೆ ಕಾಣುವುದು ‘ಸೆ’, ಕೆಳಗೊಂದು ತಕಾರ. ಬಾಯಲ್ಲಿ ಬರಬೇಕಾದದ್ದು ‘ಸ್ತೆ’. ‘ಸೂರ್ಯ’ದಲ್ಲಿ ರಕಾರವನ್ನು ಮೊದಲು ಉಚ್ಚರಿಸಬೇಕು, ಬರೆಯುವಾಗ ಅದರ ಗುರುತಾದ ಅರ್ಕಾವೊತ್ತು ಯಕಾರದ ಹಿಂದೆ ಹೋಗಿ ನಿಲ್ಲುತ್ತದೆ. ನಾವು ಯೋಚಿಸದೆ ಓದಿಬಿಡುವ ಈ ಹಿಂದುಮುಂದನ್ನು ಮಗು ಪ್ರತಿ ಸಲವೂ ಬಿಡಿಸಿ ಜೋಡಿಸಬೇಕು. ಬೆಂಗಳೂರಿನಲ್ಲಿ ಸೊನಾಲಿ ನಾಗ್ ಅವರು ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷಿನ ಅಕ್ಷರಗಳಂತೆ ಕನ್ನಡದ ಅಕ್ಷರಗಳು ಒಂದೇ ವರ್ಷದಲ್ಲಿ ಮುಗಿಯುವುದಿಲ್ಲ, ನಾಲ್ಕನೆಯ ತರಗತಿಯಲ್ಲೂ ಆ ಕಲಿಕೆ ನಡೆಯುತ್ತಲೇ ಇರುತ್ತದೆ ಎಂದು ಕಂಡುಬಂತು. ಎರಡನೆಯ ತರಗತಿಯ ಮಗುವಿಗೆ ಒತ್ತಕ್ಷರ ಬರಲಿಲ್ಲವೆಂದು ಗಾಬರಿಯಾಗುವವರು ಇದನ್ನು ಕೇಳಿಸಿಕೊಳ್ಳಬೇಕು.

ನಮ್ಮ ಭಾಷೆಯಲ್ಲಿ ಪರೀಕ್ಷೆಯೇ ಇಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಶಕಗಳಿಂದ ಈ ಕೆಲಸ ನಡೆದಿದೆ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು ‘ಡಾಲಿ’ ಎಂಬ ಹೆಸರಿನಲ್ಲಿ, ಐದನೆಯ ತರಗತಿಯವರೆಗಿನ ಮಕ್ಕಳಿಗೆ, ಟೀಚರುಗಳು ಬಳಸುವ ಪ್ರಶ್ನಾವಳಿಯನ್ನೂ ತಜ್ಞರು ಬಳಸುವ ಪರೀಕ್ಷೆಯನ್ನೂ ಸಿದ್ಧಪಡಿಸಿದರು. 2015ರಲ್ಲಿ ಅದು ಹೊರಬಂದಾಗ ಇದ್ದ ಭಾಷೆಗಳು ನಾಲ್ಕು: ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್. ಮುಂಬಯಿಯ ಕನ್ನಡ ಮಗುವನ್ನು ಎದುರಿಗೆ ಕೂರಿಸಿಕೊಂಡು ಆರಿಸಿದ ಹಾಗಿದೆ! ನಿಮ್ಮ ಸಲಹೆಗಾರರಿಗೆ ಇದರ ಪರಿಚಯ ಇದೆಯೇ ಎಂದು ಕೇಳಬಹುದು. ನಮ್ಮ ಹೆಚ್ಚಿನ ಮಕ್ಕಳಿಗೆ ಇಲ್ಲಿ ಕನ್ನಡ ಓದಲು ಬರುವುದಿಲ್ಲ, ಮಾತು ಮಾತ್ರ ಬರುತ್ತದೆ. ಅಂಥವರಿಗೆ ಕನ್ನಡದಲ್ಲಿ ಕಥೆ ಹೇಳಿಸಿ, ಪ್ರಾಸ ಹಿಡಿಸಿ, ಪದ ಒಡೆಸಿ ನೋಡುವುದಕ್ಕಾದರೂ ಕನ್ನಡ ಬಲ್ಲವರೊಬ್ಬರು ಜೊತೆಗೆ ಬೇಕು. ಆ ಒಬ್ಬರು ನೀವೇ ಆಗಬಹುದು.

ಭಾನುವಾರದ ಕನ್ನಡ ತರಗತಿಗೆ ಕಳಿಸಬೇಕೋ ಬೇಡವೋ ಎಂದು ಕೆಲವರು ಕೇಳಿದ್ದಾರೆ. ಕನ್ನಡದವಳಾಗಿ ಹೇಳಲು ಬಾಯಿ ಬಾರದಿದ್ದರೂ ಹೇಳುತ್ತೇನೆ: ಇಂಗ್ಲಿಷ್ ಅಕ್ಷರಗಳನ್ನೂ ದೇವನಾಗರಿಯನ್ನೂ ಹಿಡಿಯಲು ಮಗು ಒದ್ದಾಡುತ್ತಿದ್ದರೆ ಮೂರನೆಯ ಲಿಪಿ ಒಂದೆರಡು ವರ್ಷ ಕಾಯಬಹುದು. ಮಾತು ಕಾಯುವುದಿಲ್ಲ. ಆ ತರಗತಿಯಲ್ಲಿ ಹಾಡು, ಕಥೆ, ನಾಟಕ ಇದ್ದರೆ ಬರೆಸಬೇಡಿ ಎಂದು ಹೇಳಿ ಕಳಿಸಿ.

ಡೊಂಬಿವಲಿಯ ತಾಯಿಗೆ ನಾವು ಉತ್ತರ ಬರೆದೆವು, ಅವರು ಇನ್ನೊಮ್ಮೆ ಶಾಲೆಗೆ ಹೋದರು. ಈ ಸಲ ಕೈಯಲ್ಲಿ ಒಂದು ಹಾಳೆ ಇತ್ತು: ಮಗ ಯಾವ ವಯಸ್ಸಿಗೆ ಮಾತು ಕಲಿತ, ಮನೆಯಲ್ಲಿ ಯಾರು ಯಾವ ಭಾಷೆ ಆಡುತ್ತಾರೆ, ಕನ್ನಡದಲ್ಲಿ ಕಥೆ ಹೇಳಿದರೆ ತಿರುಗಿ ಹೇಳುತ್ತಾನೋ ಇಲ್ಲವೋ, ಇಂಗ್ಲಿಷ್ ಇವನ ಕಿವಿಗೆ ಬಿದ್ದದ್ದು ಯಾವಾಗಿನಿಂದ, ಕುಟುಂಬದಲ್ಲಿ ಬೇರೆ ಯಾರಿಗಾದರೂ ಓದಿನ ಕಷ್ಟ ಇತ್ತೋ, ಕಣ್ಣು ಕಿವಿ ತೋರಿಸಿದ್ದಾಯಿತೋ. ಸಲಹೆಗಾರರು ಅದನ್ನು ಓದಿ, ಮೊದಲ ಸಲ ಇದನ್ನು ಯಾರೂ ತನಗೆ ಹೇಳಿರಲಿಲ್ಲ ಎಂದರಂತೆ. ಒಂದೇ ದಿನ ಹತ್ತಾರು ಮಕ್ಕಳನ್ನು ನೋಡುವವರು. ಅವರು ಕೇಳಿರಲಿಲ್ಲ ಎನ್ನುವುದೂ ನಿಜ. ಕೊನೆಗೆ ತರಗತಿಯ ಟೀಚರನ್ನೂ ಕೂರಿಸಿಕೊಂಡು ಒಂದು ಏರ್ಪಾಡು ಆಯಿತು. ಮುಂದಿನ ವಾರದ ಪಾಠ ಯಾವುದೆಂದು ಟೀಚರ್ ಶುಕ್ರವಾರ ತಿಳಿಸುತ್ತಾರೆ. ಶನಿವಾರ, ಭಾನುವಾರ ಮನೆಯಲ್ಲಿ ಆ ಪಾಠದ ವಿಷಯವನ್ನು ಕನ್ನಡದಲ್ಲಿ ಮಾತನಾಡುತ್ತಾರೆ. ನದಿಯ ಪಾಠವಾದರೆ ಅಜ್ಜಿ ಸೌಪರ್ಣಿಕಾ ನದಿಯ ನೆರೆಯ ಕಥೆ ಹೇಳುತ್ತಾರೆ. ಸೋಮವಾರ ಹುಡುಗ ತನಗೆ ಗೊತ್ತಾದದ್ದನ್ನು ಟೀಚರಿಗೆ ಬಾಯಲ್ಲಿ ಹೇಳುತ್ತಾನೆ, ಓದುವುದು ಆಮೇಲೆ. ಇದರ ಜೊತೆಗೆ ವಾರಕ್ಕೆ ಮೂರು ದಿನ ಇಂಗ್ಲಿಷ್ ಅಕ್ಷರ ಮತ್ತು ಸದ್ದುಗಳ ಪಾಠ ಬೇರೆಯಾಗಿ. ಹುಡುಗನ ಓದು ಈಗಲೂ ನಿಧಾನವೇ. ಆದರೆ ಪಾಠ ಏನೆಂದು ಗೊತ್ತಿಲ್ಲದೆ ಪದಗಳ ಜೊತೆ ಗುದ್ದಾಡುವುದು ತಪ್ಪಿದೆ. ಅಜ್ಜಿ ಮತ್ತೆ ಮಾತನಾಡುತ್ತಿದ್ದಾರೆ.

ನಿಮ್ಮ ಮನೆಗೂ ಅಂಥ ಚೀಟಿ ಬಂದಿದ್ದರೆ ಇಂಥದೊಂದು ಹಾಳೆ ಬರೆದುಕೊಂಡು ಹೋಗಿ. ಕನ್ನಡದಲ್ಲೇ ಬರೆದುಕೊಳ್ಳಿ, ಹೇಳುವಾಗ ಹಿಂದಿಯೋ ಮರಾಠಿಯೋ ಬರುವುದರಲ್ಲಿ ಹೇಳಿ. ಹಳೆಯ ನೋಟುಬುಕ್ಕು ಎರಡು ಇರಲಿ, ಒಂದು ಈ ವರ್ಷದ್ದು, ಒಂದು ಹೋದ ವರ್ಷದ್ದು. ಸಾಧ್ಯವಾದರೆ ಗಂಡ ಹೆಂಡತಿ ಇಬ್ಬರೂ ಹೋಗಿ. ಒಬ್ಬರೇ ಕೇಳಿಬಂದದ್ದನ್ನು ಇನ್ನೊಬ್ಬರಿಗೆ ಹೇಳುವಷ್ಟರಲ್ಲಿ ಅರ್ಧ ಹೋಗಿ ಜಗಳ ಉಳಿದಿರುತ್ತದೆ. ಮುಂದಿನ ಭೇಟಿಯ ತಾರೀಕು ಬರೆಸಿಕೊಂಡು ಎದ್ದು ಬನ್ನಿ.

ಈ ವಿಷಯದಲ್ಲಿ ನಿಮ್ಮ ಅನುಭವ ಬರೆಯುವವರು ಮಗುವಿನ ಹೆಸರು, ಶಾಲೆಯ ಹೆಸರು ಹಾಕಬೇಡಿ. ತರಗತಿ, ವಯಸ್ಸು, ಮನೆಮಾತು ಬರೆದರೆ ಸಾಕು. ಪತ್ರಗಳನ್ನು ಇದೇ ವೇಳೆಯಲ್ಲಿ ಓದುತ್ತೇವೆ.